ಬಳ್ಳಾರಿಯ ಬಿಸಿಲಿಗೊಂದು ನೀಲಿ ಬ್ಲೇಜರ್

ನಮ್ಮ ಮನೆಯ ಅಟ್ಟದ ಮೇಲಿನ ಕಬ್ಬಿಣದ ಟ್ರಂಕಿನಲ್ಲಿ ಒಂದು ಕಡುನೀಲಿ ಬ್ಲೇಜರ್ ಇದೆ. ಎಡಜೇಬಿನ ಮೇಲೆ ಹೊಲಿದ ಲಾಂಛನ, ಅದರ ಕೆಳಗೆ ಹಳದಿ ದಾರದಲ್ಲಿ ‘ಫುಟ್‌ಬಾಲ್ 1994–95’. ಬಳ್ಳಾರಿಯಲ್ಲಿ ಇಂಥ ದಪ್ಪ ಬಟ್ಟೆಯನ್ನು ಮೈಮೇಲೆ ಹಾಕಿಕೊಳ್ಳಬಹುದಾದ ದಿನಗಳು ವರ್ಷಕ್ಕೆ ಹತ್ತು ಸಿಕ್ಕರೆ ಹೆಚ್ಚು, ಅದೂ ಬೆಳಗಿನ ಏಳು ಗಂಟೆಯೊಳಗೆ. ಆದರೂ ನಾನು ಅದನ್ನು ಹಾಕಿಕೊಂಡು ಮೂರು ಮದುವೆಗಳಿಗೆ ಹೋಗಿದ್ದೇನೆ. ಮೂರೂ ಮೇ ತಿಂಗಳಿನವು, ಅದರಲ್ಲಿ ಒಂದು ನನ್ನದೇ. ಆರತಕ್ಷತೆಯ ಫೋಟೊದಲ್ಲಿ ನಾನು ಬೆವರಿಗೆ ಎಣ್ಣೆ ಹಚ್ಚಿದವನಂತೆ ಹೊಳೆಯುತ್ತಿದ್ದೇನೆ. ಹೆಂಡತಿ ಇಂದಿಗೂ ಆ ಫೋಟೊ ತೋರಿಸಿ ನಗುತ್ತಾಳೆ. ಇಪ್ಪತ್ತು ನಿಮಿಷ ಮೈದಾನದಲ್ಲಿ ನಿಂತಿದ್ದಕ್ಕೆ ಮೂವತ್ತು ವರ್ಷ ಅಭಿಮಾನಪಡುವ ಗಂಡಸು ಅವಳಿಗೆ ಬೇರೆಲ್ಲೂ ಸಿಗುತ್ತಿರಲಿಲ್ಲವಂತೆ.

ಟ್ರಂಕು ಮತ್ತೆ ಕೆಳಗಿಳಿದದ್ದು ಅಕ್ಕನ ಮಗಳ ದೆಸೆಯಿಂದ. ಕಳೆದ ಡಿಸೆಂಬರಿನಲ್ಲಿ ಅವಳು ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ಮಹಿಳಾ ಫುಟ್‌ಬಾಲ್ ತಂಡಕ್ಕೆ ಆಯ್ಕೆಯಾದಳು. ನನ್ನಂತೆಯೇ ಗೋಲ್‌ಕೀಪರ್. ವ್ಯತ್ಯಾಸವೇನೆಂದರೆ ಅವಳು ಮೊದಲ ಗೋಲ್‌ಕೀಪರ್, ನಾನು ಎರಡು ವರ್ಷವೂ ಎರಡನೆಯವನು. ಸುದ್ದಿ ಹೇಳಲು ಬಂದವಳು ಕಟ್ಟೆಯ ಮೇಲೆ ಕೂತು ಕೇಳಿದಳು:

“ಮಾಮ, ನೀವೂ ನಮ್ಮ ಯೂನಿವರ್ಸಿಟಿಗೇ ಆಡಿದ್ದಲ್ಲವೇ?”

“ಇಲ್ಲ, ನಾನು ಆಡಿದ್ದು ಗುಲ್ಬರ್ಗ ವಿಶ್ವವಿದ್ಯಾಲಯಕ್ಕೆ.”

“ಸಣ್ಣಜ್ಜ?”

“ಅವರದು ಧಾರವಾಡ. ಕರ್ನಾಟಕ ವಿಶ್ವವಿದ್ಯಾಲಯ.”

“ಮೂವರೂ ಕಲಿತದ್ದು ಇದೇ ಊರಲ್ಲಿ, ಆಡಿದ್ದು ಇದೇ ಮೈದಾನದಲ್ಲಿ. ತಂಡ ಮಾತ್ರ ಮೂರು?”

ಅವಳು ಸಹಜವಾಗಿ ಕೇಳಿದ್ದಳು. ನನಗೆ ಮಾತ್ರ ಆ ಪ್ರಶ್ನೆ ಬಹಳ ದಿನ ಅಂಟಿಕೊಂಡಿತು. ನಮ್ಮ ಕಡೆಯ ವಿಶ್ವವಿದ್ಯಾಲಯ ತಂಡದ ಚರಿತ್ರೆ ಎಂದು ಬರೆಯಲು ಕೂತರೆ, ಮೊದಲು ‘ಯಾವ ವಿಶ್ವವಿದ್ಯಾಲಯ’ ಎಂಬಲ್ಲಿಯೇ ಪೆನ್ನು ನಿಲ್ಲುತ್ತದೆ.

ಲೆಕ್ಕ ಹೀಗಿದೆ. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಮದ್ರಾಸ್ ರಾಜ್ಯದಲ್ಲಿತ್ತು. ರಾಯಚೂರು, ಕೊಪ್ಪಳಗಳು 1956ರವರೆಗೆ ಹೈದರಾಬಾದಿನಲ್ಲಿದ್ದವು. ಏಕೀಕರಣದ ನಂತರ ನಮ್ಮ ಚಿಕ್ಕಪ್ಪ, ಅಂದರೆ ಅವಳ ಸಣ್ಣಜ್ಜ, ಕಾಲೇಜು ಮೆಟ್ಟಿಲು ಹತ್ತುವ ಹೊತ್ತಿಗೆ ಈ ಸೀಮೆಯೆಲ್ಲ ಧಾರವಾಡಕ್ಕೆ ಸೇರಿತ್ತು. 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯ ಹುಟ್ಟಿತು. ಬೀದರ್, ಕಲಬುರಗಿ, ರಾಯಚೂರು, ಬಳ್ಳಾರಿ ಅದರ ಪಾಲಾದವು. 1996ರಲ್ಲಿ ವೈದ್ಯಕೀಯ ಕಾಲೇಜುಗಳು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಹೋದವು. 1998ರಲ್ಲಿ ಇಂಜಿನಿಯರಿಂಗ್ ಕಾಲೇಜುಗಳು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಹೋದವು. 2010ರಲ್ಲಿ ಬಳ್ಳಾರಿ, ಕೊಪ್ಪಳ ಜಿಲ್ಲೆಗಳಿಗೆಂದು ಶ್ರೀಕೃಷ್ಣದೇವರಾಯನ ಹೆಸರಿನ ವಿಶ್ವವಿದ್ಯಾಲಯ ಬಂತು. ಆಮೇಲೆ ರಾಯಚೂರಿಗೆ ಒಂದು, 2023ರಲ್ಲಿ ಕೊಪ್ಪಳಕ್ಕೂ ಒಂದು. ಅಣ್ಣತಮ್ಮಂದಿರ ಹೊಲದ ಹಾಗೆ, ಪ್ರತಿ ತಲೆಮಾರಿಗೂ ಒಂದು ಬದು.

ವಿಶ್ವವಿದ್ಯಾಲಯ ಹತ್ತಿರ ಬಂದದ್ದು ಒಳ್ಳೆಯದೇ. ಅಂಕಪಟ್ಟಿಯ ಒಂದು ಅಕ್ಷರ ತಿದ್ದಿಸಲು ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಕಲಬುರಗಿಗೆ ಹೋಗಿ ಬಂದವನು ನಾನು. ಆದರೆ ಫುಟ್‌ಬಾಲಿನ ಕಣ್ಣಿಂದ ನೋಡಿದರೆ ಬೇರೆ ಚಿತ್ರ ಕಾಣುತ್ತದೆ. ನಮ್ಮ ತಂಡದ ಸ್ಟಾಪರ್ ಬ್ಯಾಕ್, ಅಂದರೆ ಗೋಲಿನ ಮುಂದೆ ನಡುವೆ ನಿಂತು ತಡೆಯುವವನು, ಬಳ್ಳಾರಿಯ ವೈದ್ಯಕೀಯ ವಿದ್ಯಾರ್ಥಿ. ಮಧ್ಯದಲ್ಲಿ ಆಡುತ್ತಿದ್ದವನು ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ನಾನು ಬಿ.ಕಾಂ. ಇಂದು ನಮ್ಮ ಮೂವರನ್ನು ಒಂದೇ ಬಣ್ಣದ ಜರ್ಸಿಯೊಳಗೆ ತೂರಿಸಲು ಯಾವ ನಿಯಮವೂ ಬಿಡುವುದಿಲ್ಲ. ಈಗ ಬಳ್ಳಾರಿಯ ಕೌಲ್ ಬಜಾರಿನ ಒಂದೇ ಓಣಿಯ ಮೂವರು ಹುಡುಗರು ಸಂಜೆ ಒಟ್ಟಿಗೆ ಆಡಿ, ಡಿಸೆಂಬರ್ ಬಂತೆಂದರೆ ಬಳ್ಳಾರಿ, ಬೆಳಗಾವಿ, ಬೆಂಗಳೂರು ಎಂಬ ಮೂರು ತಂಡಗಳಿಗೆ ಹಂಚಿಹೋಗಿ, ದಕ್ಷಿಣ ವಲಯದ ಅಂತರ್ ವಿಶ್ವವಿದ್ಯಾಲಯ ಪಂದ್ಯಾವಳಿಯಲ್ಲಿ ಎದುರಾಳಿಗಳಾಗಿ ಕೈಕುಲುಕಬಹುದು.

ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ಕ್ಲಬ್ಬಿಗೆ ಮೈದಾನವಿರುತ್ತದೆ, ಕಚೇರಿಯಿರುತ್ತದೆ, ವರ್ಷಗಟ್ಟಲೆ ಒಟ್ಟಿಗೆ ಆಡುವ ಜನರಿರುತ್ತಾರೆ. ವಿಶ್ವವಿದ್ಯಾಲಯದ ತಂಡ ಬದುಕುವುದು ವರ್ಷಕ್ಕೆ ಮೂರು ವಾರ ಮಾತ್ರ. ಅಂತರ್ ಕಾಲೇಜು ಪಂದ್ಯಾವಳಿ ನಡೆಯುತ್ತದೆ, ಅಲ್ಲಿ ಕಂಡವರನ್ನು ಟ್ರಯಲ್ಸಿಗೆ ಕರೆಯುತ್ತಾರೆ, ಆಯ್ಕೆಯಾದವರಿಗೆ ಹತ್ತು ದಿನದ ತರಬೇತಿ ಶಿಬಿರ, ನಂತರ ರೈಲು, ಪಂದ್ಯ, ಸೋಲು, ಮತ್ತೆ ರೈಲು. ವಾಪಸು ಬಂದ ದಿನ ಸ್ಟೇಷನ್ನಿನಲ್ಲೇ ತಂಡ ಸತ್ತುಹೋಗುತ್ತದೆ. ಮುಂದಿನ ವರ್ಷ ಮತ್ತೆ ಹುಟ್ಟುವಾಗ ಅರ್ಧ ಮುಖಗಳು ಹೊಸವು. ವಯಸ್ಸು ಹದಿನೇಳು ತುಂಬಿರಬೇಕು, ಇಪ್ಪತ್ತೈದು ದಾಟಿರಬಾರದು ಎಂಬುದು ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ನಿಯಮ. ಹಾಗಾಗಿ ಎಂಥ ಆಟಗಾರನಾದರೂ ಇಲ್ಲಿ ಬಾಡಿಗೆದಾರನೇ. ಇಂಥದರಲ್ಲಿ ಸಂಪ್ರದಾಯ ಎಂಬುದು ಎಲ್ಲಿ ಬೇರು ಬಿಡಬೇಕು?

ನನಗೆ ಕಂಡದ್ದನ್ನು ಹೇಳುತ್ತೇನೆ. ಮೊದಲು ಬೂಟು. 1990ರ ದಶಕದಲ್ಲಿ ನಮ್ಮಲ್ಲಿ ಸ್ವಂತ ಫುಟ್‌ಬಾಲ್ ಬೂಟು ಇದ್ದವರು ಎಣಿಸಿದರೆ ಒಂದು ಕೈಯ ಬೆರಳು ಸಾಕು. ಶಿಬಿರ ಶುರುವಾಗುವ ಮುಂಚೆ ಹಳೆಯ ಆಟಗಾರರ ಮನೆಗಳಿಗೆ ಹೋಗಿ ಬೂಟು ಬೇಡಿ ತರುವುದು ವಾಡಿಕೆ. ನನ್ನ ಕಾಲಿಗೆ ಬಂದದ್ದು ನನಗಿಂತ ಆರು ವರ್ಷ ಹಿರಿಯರೊಬ್ಬರ ಬೂಟು. ಒಂದು ಅಳತೆ ದೊಡ್ಡದು. ಬೆರಳುಗಳ ತುದಿಗೆ ಹತ್ತಿ ತುರುಕಿ ಹಾಕಿಕೊಂಡೆ. ಒಳಗಡೆ ಚರ್ಮದ ಮೇಲೆ ಬಾಲ್‌ಪೆನ್ನಿನಲ್ಲಿ ನಾಲ್ಕು ಹೆಸರುಗಳಿದ್ದವು. ಐದನೆಯದಾಗಿ ನನ್ನದನ್ನು ಬರೆದು, ಆರನೆಯವನಿಗೆ ದಾಟಿಸಿದೆ. ಆ ತಂಡಕ್ಕೆ ದಾಖಲೆ ಪುಸ್ತಕವೆಂಬುದು ಏನಾದರೂ ಇದ್ದರೆ ಅದು ಆ ಬೂಟಿನ ಒಳಭಾಗವೇ.

ಎರಡನೆಯದು ಹೆಸರು. ಶಿಬಿರದಲ್ಲಿ ಯಾರಿಗೂ ಅವರವರ ಹೆಸರಿರುವುದಿಲ್ಲ, ಊರಿನ ಹೆಸರಿರುತ್ತದೆ. “ಏ ಬೀದರ್, ಇತ್ತ ಕೊಡು”, “ಗಂಗಾವತಿ, ಹಿಂದೆ ನೋಡು”. ಒಂದೇ ಊರಿನವರು ಇಬ್ಬರಿದ್ದರೆ ದೊಡ್ಡ ರಾಯಚೂರು, ಸಣ್ಣ ರಾಯಚೂರು. ನಾನು ಬಳ್ಳಾರಿ. ಹೆಮ್ಮೆಯ ಮಾತೇನೂ ಅಲ್ಲ. ಗೋಲು ಬಿಟ್ಟಾಗ ಇಡೀ ಊರಿಗೆ ಬೈಗುಳ.

ಮೂರನೆಯದಕ್ಕೆ ಬರುವ ಮೊದಲು ಆ ಇಪ್ಪತ್ತು ನಿಮಿಷಗಳ ಕತೆ ಹೇಳಿಬಿಡಬೇಕು.

ದಕ್ಷಿಣ ವಲಯದ ಮೊದಲ ಪಂದ್ಯ. ಎದುರಿಗೆ ಕೇರಳದ ಒಂದು ತಂಡ. ಮೈದಾನದ ತುಂಬ ಹುಲ್ಲು, ಹುಲ್ಲಿನ ತುಂಬ ನೀರು. ನಾವು ಗರಸು ನೆಲದ ಮಕ್ಕಳು. ಬಳ್ಳಾರಿಯ ನೆಲದಲ್ಲಿ ಚೆಂಡು ಬಿದ್ದರೆ ಎದೆಯ ಮಟ್ಟಕ್ಕೆ ಪುಟಿಯುತ್ತದೆ. ಅದಕ್ಕೆ ನಮ್ಮವರು ಚೆಂಡನ್ನು ಎದೆಯಿಂದ ಇಳಿಸಿಕೊಳ್ಳುವುದರಲ್ಲಿ ನಿಪುಣರು. ಜಾರಿ ಚೆಂಡು ಕಸಿಯುವ ವಿದ್ಯೆ ಮಾತ್ರ ನಮಗೆ ಬರುವುದಿಲ್ಲ. ಕಲಿಯಲು ಹೋದವನ ತೊಡೆಯ ಚರ್ಮ ನೆಲದ ಮೇಲೆ ಉಳಿಯುತ್ತದೆ. ಆ ದಿನ ಎದುರಾಳಿಗಳು ಎಲ್ಲೆಲ್ಲಿಂದಲೋ ಜಾರಿ ಬಂದು ನಮ್ಮ ಕಾಲಡಿಯಿಂದ ಚೆಂಡು ಒಯ್ಯುತ್ತಿದ್ದರು. ಒದ್ದೆ ಹುಲ್ಲಿನ ಮೇಲೆ ಚೆಂಡು ಪುಟಿಯುತ್ತಲೂ ಇರಲಿಲ್ಲ, ಮೀನಿನಂತೆ ಜಾರಿಹೋಗುತ್ತಿತ್ತು. ವಿರಾಮಕ್ಕೆ 0–2. ವಿರಾಮದ ನಂತರ ನಮ್ಮ ಗೋಲ್‌ಕೀಪರ್, ಬೀದರಿನವನು, ಕಂಬಕ್ಕೆ ಭುಜ ಬಡಿದು ಹೊರಬಂದ. ನಾನು ಒಳಹೋದೆ.

ಆ ಬೀದರಿನವನಲ್ಲಿ ಒಂದು ಗುಣವಿತ್ತು. ಅವನು ಮೂರು ಭಾಷೆಯಲ್ಲಿ ಕೂಗುತ್ತಿದ್ದ. ಬಲಬದಿಯ ಹುಡುಗ ಮನೆಯಲ್ಲಿ ದಖನಿ ಮಾತನಾಡುವವನು, ಅವನಿಗೆ “ಪೀಛೆ!” ಸ್ಟಾಪರ್‌ಗೆ “ವೆನಕ!” ಏಕೆಂದರೆ ಬಳ್ಳಾರಿಯಲ್ಲಿ ಹುಟ್ಟಿದ ಆ ಡಾಕ್ಟರನ ಮನೆಮಾತು ತೆಲುಗು. ಉಳಿದವರಿಗೆ “ಹಿಂದೆ!” ಇವರೆಲ್ಲರಿಗೂ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಆದರೆ ಬೆನ್ನ ಹಿಂದೆ ಆಪತ್ತು ಬಂದ ಆ ಅರೆಕ್ಷಣದಲ್ಲಿ ಮೈ ತಿರುಗುವುದು ಹೆತ್ತವಳು ಗದರಿದ ಭಾಷೆಗೆ ಮಾತ್ರ ಎಂಬುದು ಅವನ ವಾದ. ನಾನು ಅದನ್ನು ತಮಾಷೆ ಎಂದುಕೊಂಡಿದ್ದೆ. ಎತ್ತರದ ಚೆಂಡೊಂದು ನನ್ನತ್ತ ಬಂದಾಗ “ಬಿಡು!” ಎಂದು ಶುದ್ಧ ಕನ್ನಡದಲ್ಲಿ ಕೂಗಿದೆ. ಸ್ಟಾಪರ್ ಬಿಡಲಿಲ್ಲ. ಇಬ್ಬರೂ ಹಾರಿದೆವು, ಇಬ್ಬರೂ ಬಿದ್ದೆವು, ಚೆಂಡು ತನ್ನ ಪಾಡಿಗೆ ಉರುಳುತ್ತ ಗೋಲಿನೊಳಗೆ ಹೋಯಿತು. ಪಂದ್ಯ ಮುಗಿದಾಗ 0–4. ನಾಲ್ಕನೆಯದರಲ್ಲಿ ನನ್ನ ತಪ್ಪಿಲ್ಲ. ಅದನ್ನು ಯಾವ ಭಾಷೆಯಲ್ಲಿ ಕೂಗಿದ್ದರೂ ತಡೆಯಲಾಗುತ್ತಿರಲಿಲ್ಲ.

ಮರುವರ್ಷದ ಶಿಬಿರದ ಮೊದಲ ಸಂಜೆ ಬೀದರಿನವನು ಎಲ್ಲರನ್ನೂ ಸುತ್ತ ಕೂರಿಸಿ ಪಾಠ ಮಾಡಿದ. ಬಿಡು, ಛೋಡ್, ವದಿಲೇಯ್. ಹಿಂದೆ, ಪೀಛೆ, ವೆನಕ. ನನ್ನದು, ಮೇರಾ, ನಾದಿ. ಬಾಯಿಪಾಠ ಒಪ್ಪಿಸದವರಿಗೆ ಮೈದಾನದ ಸುತ್ತ ಎರಡು ಸುತ್ತು. ಇದೇ ನಾನು ಹೇಳಬೇಕೆಂದಿದ್ದ ಮೂರನೆಯ ಸಂಪ್ರದಾಯ. ನಾನು ಬಿಟ್ಟ ಮೇಲೂ ಕೆಲವು ವರ್ಷ ನಡೆಯಿತೆಂದು ಕಿರಿಯರು ಹೇಳಿದ್ದಾರೆ. ಅದಕ್ಕೆ ಕಾರಣನಾದವನು ನಾನೆಂಬುದು ಅವರಿಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ.

ಬಹಳ ವರ್ಷಗಳ ಮೇಲೆ ಇಂಗ್ಲೆಂಡಿನ ಕೇಂಬ್ರಿಡ್ಜಿನ ಬಗ್ಗೆ ಓದುತ್ತಿದ್ದಾಗ ಈ ಸಂಜೆ ನೆನಪಾಯಿತು. ಅಲ್ಲಿಗೆ ಬರುತ್ತಿದ್ದ ಹುಡುಗರು ಬೇರೆ ಬೇರೆ ಶಾಲೆಗಳಿಂದ ಬರುತ್ತಿದ್ದರು. ಒಂದು ಶಾಲೆಯವರು ಚೆಂಡನ್ನು ಕೈಯಲ್ಲಿ ಹಿಡಿದು ಓಡುವವರು, ಇನ್ನೊಂದು ಶಾಲೆಯವರಿಗೆ ಅದು ಮಹಾಪರಾಧ. ಒಟ್ಟಿಗೆ ಆಡಲು ಹೋದರೆ ಜಗಳ. ಕೊನೆಗೆ 1848ರಲ್ಲಿ ವಿದ್ಯಾರ್ಥಿಗಳೇ ಕೂತು ಎಲ್ಲರೂ ಒಪ್ಪುವ ನಿಯಮಗಳನ್ನು ಬರೆದರು. 1863ರಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ತನ್ನ ನಿಯಮಾವಳಿ ಮಾಡುವಾಗ ಕೇಂಬ್ರಿಡ್ಜಿನ ನಿಯಮಗಳನ್ನು ಎದುರಿಗಿಟ್ಟುಕೊಂಡಿತು. ಅವರು ಮಾಡಿದ್ದನ್ನು ಜಗತ್ತು ಒಪ್ಪಿತು, ಬೀದರಿನವನು ಮಾಡಿದ್ದು ನಾಲ್ಕು ಜಿಲ್ಲೆ ದಾಟಲಿಲ್ಲ. ಅಡಚಣೆ ಮಾತ್ರ ಎರಡೂ ಕಡೆ ಒಂದೇ.

‘ಬ್ಲೂ’ ಎಂಬ ಮಾತು ಬಂದದ್ದೂ ಅಲ್ಲಿಂದಲೇ. ನಮ್ಮ ಕಾಲೇಜುಗಳಲ್ಲಿ ಇಂದಿಗೂ ವಿಶ್ವವಿದ್ಯಾಲಯಕ್ಕೆ ಆಡಿದವನನ್ನು ‘ಯೂನಿವರ್ಸಿಟಿ ಬ್ಲೂ’ ಎನ್ನುತ್ತಾರೆ. ಫಲಕಗಳಲ್ಲಿ ಬರೆಯುತ್ತಾರೆ, ಸನ್ಮಾನದಲ್ಲಿ ಓದುತ್ತಾರೆ, ಜರ್ಸಿ ಕೆಂಪಗಿದ್ದರೂ ಆಟಗಾರ ನೀಲಿಯೇ. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜ್ ನಡುವೆ ದೋಣಿ ಪಂದ್ಯ 1829ರಲ್ಲಿ ಶುರುವಾಯಿತು. 1836ರ ಪಂದ್ಯಕ್ಕೆ ಕೇಂಬ್ರಿಡ್ಜಿನವರು ತಿಳಿನೀಲಿ ರಿಬ್ಬನ್ ಕಟ್ಟಿದರು, ಆಕ್ಸ್‌ಫರ್ಡಿನವರದು ಕಡುನೀಲಿಯಾಯಿತು. ಆ ರಿಬ್ಬನ್ನಿನ ಬಣ್ಣ ಸಮುದ್ರ ದಾಟಿ, ಮದ್ರಾಸು ಕಲ್ಕತ್ತೆಗಳನ್ನು ಹಾದು, ನಮ್ಮ ಮದುವೆಯ ಫೋಟೊದಲ್ಲಿ ಬೆವರಾಗಿ ಇಳಿದಿದೆ.

ಇನ್ನೊಂದು ಸಂಗತಿ ನನಗೆ ಇದಕ್ಕಿಂತ ರುಚಿಸಿತು. 1874ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ನಿನ ಪಂದ್ಯಾವಳಿಯಾದ ಎಫ್.ಎ. ಕಪ್ ಗೆದ್ದದ್ದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ತಂಡ. ಫೈನಲಿನಲ್ಲಿ ಸೋತವರು ರಾಯಲ್ ಇಂಜಿನಿಯರ್ಸ್, ಅಂದರೆ ಸೈನ್ಯದವರು. ಫಲಿತಾಂಶ 2–0. ವಿದ್ಯಾರ್ಥಿಗಳು ಮತ್ತು ಸೈನಿಕರು, ಈ ಇಬ್ಬರೂ ಆಗ ಆಟದ ಒಡೆಯರಲ್ಲಿ ಸೇರಿದವರು. ಭಾರತಕ್ಕೆ ಫುಟ್‌ಬಾಲನ್ನು ಹೊತ್ತು ತಂದದ್ದರಲ್ಲಿ ಸೈನಿಕರ ಪಾಲು ದೊಡ್ಡದು. 1800ರಲ್ಲಿ ನಿಜಾಮನು ಈ ಸೀಮೆಯನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟ ಮೇಲೆ ಬಳ್ಳಾರಿ ದೊಡ್ಡ ದಂಡುಪ್ರದೇಶವಾಯಿತು. ಇಂದು ಕಂಟೋನ್ಮೆಂಟ್ ಎಂಬ ಹೆಸರು ಉಳಿದಿದೆ, ದಂಡು ಹೋಗಿದೆ. ಅಲ್ಲಿ ಈಗ ಏನಿದೆಯೆಂದರೆ ಅಕ್ಕನ ಮಗಳ ವಿಶ್ವವಿದ್ಯಾಲಯದ ‘ಜ್ಞಾನಸಾಗರ’ ಆವರಣ. (ಕಲಬುರಗಿಯ ಆವರಣದ ಹೆಸರು ‘ಜ್ಞಾನಗಂಗಾ’. ಗಂಗೆಯಿಂದ ಕವಲೊಡೆದದ್ದು ಸಾಗರವಾದ ಪವಾಡ ನಮ್ಮ ಸೀಮೆಯಲ್ಲಿ ಮಾತ್ರ ಸಾಧ್ಯ.) ಸೈನಿಕರ ನೆಲಕ್ಕೆ ವಿದ್ಯಾರ್ಥಿಗಳು ಬಂದು ಕೂತರು. ಆಕ್ಸ್‌ಫರ್ಡ್ ಮತ್ತೊಮ್ಮೆ ಗೆದ್ದಂತಾಯಿತೆಂದು ನಾನು ಹೇಳಿದರೆ ಚಿಕ್ಕಪ್ಪ ತಲೆಯಾಡಿಸುವುದಿಲ್ಲ. ಅವರಿಗೆ ಇಂಗ್ಲೆಂಡಿನ ಮಾತು ಬೇಡ, ಹೈದರಾಬಾದಿನ ಮಾತು ಬೇಕು.

ಚಿಕ್ಕಪ್ಪನ ದೇವರು ಸೈಯದ್ ಅಬ್ದುಲ್ ರಹೀಮ್. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿದವರು, ಮೊದಲು ಶಾಲಾ ಮೇಷ್ಟ್ರು, ಆಮೇಲೆ ಹೈದರಾಬಾದ್ ಸಿಟಿ ಪೊಲೀಸ್ ತಂಡದ ತರಬೇತುದಾರರು, ಆಮೇಲೆ ಭಾರತ ತಂಡದವರು. ಪೊಲೀಸ್ ತಂಡ 1950ರಿಂದ 1954ರವರೆಗೆ ಐದು ವರ್ಷ ಸತತವಾಗಿ ಮುಂಬಯಿಯ ಹೆಸರಾಂತ ಪಂದ್ಯಾವಳಿಯಾದ ರೋವರ್ಸ್ ಕಪ್ ಗೆದ್ದಿತು. ಅವರ ಕೈಕೆಳಗೆ ಭಾರತ 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನಕ್ಕೆ ಬಂತು, 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದಿತು. ರಹೀಮ್ ಸಾಹೇಬರು ಹೈದರಾಬಾದಿನಲ್ಲಿ ಚೆಂಡನ್ನು ಹೊತ್ತಾಡಿಸಬಾರದು, ಮುಟ್ಟಿದ ಕೂಡಲೇ ದಾಟಿಸಬೇಕು ಎಂಬ ನಿಯಮದ ಪಂದ್ಯಾವಳಿಗಳನ್ನು ನಡೆಸುತ್ತಿದ್ದರು. ದುರ್ಬಲ ಕಾಲಿನಿಂದ ಮಾತ್ರ ಆಡಬೇಕೆಂಬ ಪಂದ್ಯಾವಳಿಗಳೂ ಇದ್ದವು. ರಾಯಚೂರು ಆಗ ಆ ರಾಜ್ಯದ್ದೇ ಜಿಲ್ಲೆ. 1973ರಲ್ಲಿ ಚಿಕ್ಕಪ್ಪ ಧಾರವಾಡದ ಟ್ರಯಲ್ಸಿಗೆ ಹೋದಾಗ ರಾಯಚೂರಿನ ಹುಡುಗರು ಚೆಂಡನ್ನು ನೆಲಕ್ಕೆ ಅಂಟಿಸಿ, ಎರಡನೆಯ ಬಾರಿ ಮುಟ್ಟದೆ ದಾಟಿಸುತ್ತಿದ್ದರಂತೆ. “ನಾವು ಬಳ್ಳಾರಿಯವರು ದಂಡಿನ ಆಟ ಆಡುತ್ತಿದ್ದೆವು, ಎತ್ತಿ ಒದೆಯುವುದು, ಹಿಂದೆ ಓಡುವುದು. ಅವರದು ನೇಯ್ಗೆ ಕೆಲಸ” ಎನ್ನುತ್ತಾರೆ. ಮದ್ರಾಸಿನ ದಂಡಿನಿಂದ ಬಂದ ಆಟ ಮತ್ತು ಹೈದರಾಬಾದಿನ ಗಲ್ಲಿಗಳಿಂದ ಬಂದ ಆಟ ಒಂದೇ ಜರ್ಸಿಯಲ್ಲಿ ಕೂಡಿದ್ದು ವಿಶ್ವವಿದ್ಯಾಲಯದ ತಂಡದಲ್ಲಿ ಎಂಬುದು ಅವರ ಸಿದ್ಧಾಂತ. ಅದರಲ್ಲಿ ಸ್ವಲ್ಪ ಅತಿಶಯವಿದೆ, ತುಂಬ ಸತ್ಯವೂ ಇದೆ.

ಚಿಕ್ಕಪ್ಪನಿಗೆ ಆಟ ಅನ್ನವನ್ನೂ ಕೊಟ್ಟಿತು. ಸರ್ಕಾರಿ ಕ್ರೀಡಾ ಕೋಟಾದ ನಿಯಮಗಳಲ್ಲಿ ಬಗೆಬಗೆಯ ಪ್ರಮಾಣಪತ್ರಗಳಿವೆ: ದೇಶಕ್ಕೆ ಆಡಿದವರಿಗೆ ಫಾರ್ಮ್ 1, ರಾಜ್ಯಕ್ಕೆ ಆಡಿದವರಿಗೆ ಫಾರ್ಮ್ 2, ವಿಶ್ವವಿದ್ಯಾಲಯಕ್ಕೆ ಆಡಿದವರಿಗೆ ಫಾರ್ಮ್ 3, ಶಾಲೆಯವರಿಗೆ ಫಾರ್ಮ್ 4. ಚಿಕ್ಕಪ್ಪನ ಕಾಲದಲ್ಲಿ ಈ ಫಾರ್ಮಿನ ಅಂಕಿಗಳು ಇನ್ನೂ ಬಂದಿರಲಿಲ್ಲ, ಆದರೆ ಪ್ರಮಾಣಪತ್ರಕ್ಕೆ ಬೆಲೆಯಿತ್ತು. ಆ ಒಂದು ಹಾಳೆಯ ಬಲದಿಂದ ರೈಲ್ವೆ ಸೇರಿದರು. ಬೆಂಗಳೂರಿನ ಟೆಲಿಫೋನ್ ಕಾರ್ಖಾನೆ ಐ.ಟಿ.ಐ., ವಿಮಾನ ಕಾರ್ಖಾನೆ ಎಚ್.ಎ.ಎಲ್.ಗಳು ತಂಡ ಕಟ್ಟಿ ಆಟಗಾರರಿಗೆ ಕೆಲಸ ಕೊಡುತ್ತಿದ್ದ ಕಾಲ ಅದು. ನನ್ನ ಹೊತ್ತಿಗೆ ‘ಬ್ಲೂ’ ಎಂದರೆ ಬ್ಲೇಜರ್‌ಗಿಂತ ಫಾರ್ಮ್ 3 ಎಂದೇ ಹುಡುಗರ ಅರ್ಥ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಅಪ್ಪ ಹಮಾಲಿ ಮಾಡುವ ಮನೆಯ ಹುಡುಗನಿಗೆ ಕ್ರೀಡಾ ಮನೋಭಾವದ ಉಪದೇಶಕ್ಕಿಂತ ಆ ಹಾಳೆ ಹೆಚ್ಚು ಕೆಲಸಕ್ಕೆ ಬರುತ್ತದೆ. ನಾನು ಫಾರ್ಮ್ ಹಿಡಿದು ನಾಲ್ಕು ಕಡೆ ಅಲೆದೆ, ಎಲ್ಲೂ ಆಗಲಿಲ್ಲ. ಲೆಕ್ಕಪತ್ರದ ಕೆಲಸಕ್ಕೆ ಬಿದ್ದೆ.

ಈಗ ದಾರಿ ಬೇರೆಯಾಗಿದೆ. ಬಳ್ಳಾರಿಯಿಂದ ಹೊಸಪೇಟೆಯತ್ತ ಹೊರಟರೆ ತೋರಣಗಲ್ಲಿನಲ್ಲಿ, ಜಿಂದಾಲ್ ಉಕ್ಕಿನ ಕಾರ್ಖಾನೆಯ ಪಕ್ಕದಲ್ಲಿ, 2018ರಲ್ಲಿ ಶುರುವಾದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆ ಇದೆ. 2013ರಲ್ಲಿ ಹುಟ್ಟಿ ಮೊದಲ ಯತ್ನದಲ್ಲೇ ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್ ಗೆದ್ದ ಬೆಂಗಳೂರು ಎಫ್.ಸಿ.ಯ ಹುಡುಗರು ಅಲ್ಲಿ ತರಬೇತಿ ಪಡೆದಿದ್ದಾರೆ. ಒಮ್ಮೆ ಹೋಗಿ ನೋಡಿದೆ. ಅದಿರಿನ ಕೆಂಪು ಧೂಳಿನ ಊರಿನಲ್ಲಿ ಬಿಲಿಯರ್ಡ್ಸ್ ಮೇಜಿನಂಥ ಹುಲ್ಲು. ನಮಗೆ ಕೇರಳದಲ್ಲಿ ಕಂಡ ಹುಲ್ಲು ಈಗ ಮನೆಯಿಂದ ಮುಕ್ಕಾಲು ಗಂಟೆಯ ದಾರಿಯಲ್ಲಿದೆ. ಚೆನ್ನಾಗಿ ಆಡುವ ಹುಡುಗ ಹದಿಮೂರು ಹದಿನಾಲ್ಕಕ್ಕೇ ಇಂಥ ಅಕಾಡೆಮಿಗಳನ್ನು ಸೇರುತ್ತಾನೆ. ಕಾಲೇಜಿನವರೆಗೆ ಕಾಯುವವರು ಉಳಿದವರು. ವಿಶ್ವವಿದ್ಯಾಲಯದ ಆಟಕ್ಕೆ ಹೊಸ ಹುರುಪು ತುಂಬಲೆಂದು ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ 2020ರಲ್ಲಿ ಭುವನೇಶ್ವರದಲ್ಲಿ ಆರಂಭವಾಯಿತು, 2022ರಲ್ಲಿ ಬೆಂಗಳೂರಿಗೂ ಬಂತು. ಆದರೂ ಏಣಿಯ ಮೇಲಿನ ಮೆಟ್ಟಿಲಾಗಿ ಈ ತಂಡದ ಕಾಲ ಮುಗಿದಿದೆ ಎಂದೇ ನನಗೆ ಅನ್ನಿಸುತ್ತದೆ. ಉಳಿದವರ ತಂಡ ಎಂಬುದು ನನಗೇನೂ ಕೀಳಾಗಿ ಕೇಳುವುದಿಲ್ಲ. ನಾನು ಉಳಿದವರಲ್ಲೂ ಉಳಿದವನು, ಬೆಂಚಿನವನು.

ಅಕ್ಕನ ಮಗಳು ಹೊರಡುವ ಹಿಂದಿನ ದಿನ ಬ್ಲೇಜರ್ ತೆಗೆದು ತೋರಿಸಿದೆ. ಹಾಕಿಕೊಂಡು ನೋಡಿದಳು, ತೋಳು ಮಂಡಿಯವರೆಗೆ ಬಂತು. “ಇದರಲ್ಲಿ ನುಸಿಗುಳಿಗೆ ವಾಸನೆ ಮಾಮ” ಎಂದು ಕಳಚಿಟ್ಟಳು. ಅವಳಿಗೆ ಬೂಟು ಬೇಡುವ ಅಗತ್ಯವಿರಲಿಲ್ಲ, ಹೊಸದಿತ್ತು. ಊರಿನ ಹೆಸರಿಂದ ಕರೆಯುತ್ತಾರೆಯೇ ಎಂದು ಕೇಳಿದೆ. ಇಲ್ಲವಂತೆ, ಜರ್ಸಿಯ ನಂಬರಿನಿಂದ ಕರೆಯುತ್ತಾರಂತೆ. ಚಿಕ್ಕಪ್ಪ ಒಳಗಿನಿಂದ “ಕೈದಿಗಳೇನು?” ಎಂದರು.

ನಾನು ಬೀದರಿನವನ ಕತೆಯನ್ನು ಹೇಳಿದೆ. ನಕ್ಕಳು, ಮೂರು ಭಾಷೆಯ ಮಾತುಗಳನ್ನು ಮೊಬೈಲಿನಲ್ಲಿ ಬರೆದುಕೊಳ್ಳುವಂತೆ ನಟಿಸಿದಳು ಎಂದೇ ನನ್ನ ಅನುಮಾನ.

ನಾಲ್ಕನೆಯ ದಿನ ರಾತ್ರಿ ಹಾಸ್ಟೆಲಿನಿಂದ ಫೋನು ಬಂತು. ಮೊದಲ ಪಂದ್ಯ 1–1, ಪೆನಾಲ್ಟಿಯಲ್ಲಿ ಗೆದ್ದಿದ್ದರು. ಅವಳು ಎರಡು ತಡೆದಿದ್ದಳು. ಚಿಕ್ಕಪ್ಪ ಫೋನಿಗೆ ಕಿವಿ ಒತ್ತಿ ಕೂತಿದ್ದರು. ಪಂದ್ಯದ ವರದಿಯೆಲ್ಲ ಮುಗಿದ ಮೇಲೆ ಅವಳು ದನಿ ತಗ್ಗಿಸಿ ಕೇಳಿದಳು:

“ಮಾಮ, ನಮ್ಮ ಸ್ಟಾಪರ್ ಸಿರುಗುಪ್ಪದವಳು, ವೆನಕ ಎಂದರೆ ಸರಿಯಾಗಿ ತಿರುಗುತ್ತಾಳೆ. ಬಲಗಡೆಯವಳು ಕೌಲ್ ಬಜಾರಿನವಳು, ಅವಳದೂ ಸರಿ. ಎಡಗಡೆಯವಳು ಸಂಡೂರಿನ ತಾಂಡಾದವಳು. ಲಂಬಾಣಿಯಲ್ಲಿ ‘ಹಿಂದೆ’ಗೆ ಏನನ್ನುತ್ತಾರೆ?”

ನಾನು ಚಿಕ್ಕಪ್ಪನ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು.

“ಅವಳನ್ನೇ ಕೇಳು” ಎಂದೆ. “ನಾಳೆ ಬೆಳಿಗ್ಗೆ ನಮಗೂ ಹೇಳು.”